ನೀರಮ್ಮನ ಬಚ್ಚಲೊಲೆ

ನೀರಮ್ಮನಿಗೆ ಹುಬ್ಬು ಇರಲಿಲ್ಲ. ಹುಟ್ಟುವಾಗ ಇದ್ದವಂತೆ, ಬಚ್ಚಲೊಲೆಯ ಬಾಯಿಗೆ ಮುಖ ಕೊಟ್ಟು ಕೊಟ್ಟು ಸುಟ್ಟುಹೋಗಿದ್ದವು. ರೆಪ್ಪೆಯ ಕೂದಲೂ ಅಲ್ಲೊಂದು ಇಲ್ಲೊಂದು. ಹಾಗಂತ ಬೋಳು ಮುಖ ಹೊತ್ತು ತಿರುಗುವವಳಲ್ಲ. ಕೂಸಿಗೆ ನೀರು ಹಾಕಿ, ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟ ಮೇಲೆ ಬೆರಳಲ್ಲಿ ಉಳಿದ ಕಾಡಿಗೆಯನ್ನು ತನ್ನ ಹುಬ್ಬಿನ ಜಾಗಕ್ಕೆ ಎಳೆದುಕೊಳ್ಳುತ್ತಿದ್ದಳು. ಕನ್ನಡಿ ನೋಡುವ ಅಭ್ಯಾಸವಿಲ್ಲ. ಒಂದು ಹುಬ್ಬು ಮೇಲೆ, ಒಂದು ಕೆಳಗೆ. ಹಾಗಾಗಿ ದಿನವಿಡೀ ಯಾರ ಮಾತನ್ನೂ ನಂಬದವಳ ಹಾಗೆ ಕಾಣುತ್ತಿದ್ದಳು. ಯಾರ ಮಾತನ್ನೂ ನಂಬುತ್ತಲೂ ಇರಲಿಲ್ಲ ಅನ್ನಿ.

ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿ ನಮ್ಮದು. ಅಲ್ಲಿ ಬಾಣಂತಿಗೂ ಕೂಸಿಗೂ ಎಣ್ಣೆ ತಿಕ್ಕಿ ನೀರು ಹಾಕುವುದು ಅವಳ ಕೆಲಸ. ಅದಕ್ಕೇ ನೀರಮ್ಮ. ಅವಳ ನಿಜವಾದ ಹೆಸರು ಕೇಳಿದರೆ ಅರ್ಧ ಬೀದಿಗೆ ಗೊತ್ತಿರಲಿಲ್ಲ. ಸಾಬರ ಮನೆ, ಲಿಂಗಾಯತರ ಮನೆ ಅಂತ ಭೇದ ಇಟ್ಟುಕೊಂಡವಳಲ್ಲ; ಕೂಸು ಹುಟ್ಟಿದ ಮನೆಯೆಲ್ಲ ಅವಳದೇ. ರಂಜಾನ್ ಉಪವಾಸದಲ್ಲೂ ತುಟಿಗೆ ಹನಿ ನೀರು ತಾಗಿಸದೆ ಮೂರು ಮನೆಯ ಹಂಡೆ ಖಾಲಿ ಮಾಡಿ ಹೋಗುತ್ತಿದ್ದಳು. ನನಗೂ ನೀರು ಹಾಕಿದವಳು ಅವಳೇ. ನಾನು ಅವಳ ಕಾಲ ಮೇಲೆ ಮಲಗಿ ಊರು ಹಾರಿಹೋಗುವ ಹಾಗೆ ಕಿರುಚಿದ್ದನ್ನು ನನ್ನ ಮದುವೆಯಲ್ಲೂ ನೆನಪಿಸಿ, "ಈಗ ಅಳಬೇಕಾದ ಸರದಿ ಅಳಿಯಂದ್ರದ್ದು" ಅಂದವಳು. ನನ್ನ ಬಾಯಿಗೆ ಹೆದರದ ಕೆಲವೇ ಜನರಲ್ಲಿ ಅವಳೊಬ್ಬಳು.

ಕೂಸನ್ನು ತೂಗಲು ಅವಳಿಗೆ ಯಂತ್ರ ಬೇಕಿರಲಿಲ್ಲ. ಎಡಗೈ ಮೇಲೆ ಬೋರಲು ಹಾಕಿಕೊಂಡು ಒಮ್ಮೆ ಮೇಲೆ ಕೆಳಗೆ ಆಡಿಸಿದರೆ ಮುಗಿಯಿತು, "ಹೋದ ವಾರಕ್ಕಿಂತ ಒಂದು ಹಿಡಿ ಏರಿದೆ" ಅನ್ನುತ್ತಿದ್ದಳು. ಕೂಸು ಏರುವುದೇ ಅವಳ ಮರ್ಯಾದೆ. ತಾನು ಮುಟ್ಟಿದ ಕೂಸು ಮೂರನೇ ತಿಂಗಳಿಗೆ ತೊಡೆಯಲ್ಲಿ ಬಳೆ ಬಿದ್ದ ಹಾಗೆ ಮಡಿಕೆ ಬಿಡಬೇಕು. ಬಿಡದಿದ್ದರೆ ಬಾಣಂತಿಯ ಊಟದ ತಟ್ಟೆಯನ್ನೇ ವಿಚಾರಣೆ ಮಾಡುತ್ತಿದ್ದಳು.

ಇನ್ನೊಂದು ಜಂಬ, ಒಲೆ ಹಚ್ಚುವುದು. ನಮ್ಮ ಕಡೆ ವರ್ಷದ ಅರ್ಧ ಕಾಲ ಸೌದೆ ಹಸಿಯೇ. ಊದಿ ಊದಿ ಕಣ್ಣು ಕೆಂಪಾಗಬೇಕು. ಅವಳಿಗೆ ಮಾತ್ರ ಒಂದೇ ಕಡ್ಡಿ ಸಾಕು, ಭಗ್ ಅಂತ ಹತ್ತುತ್ತಿತ್ತು. ಗುಟ್ಟು ಅವಳ ಕೈಚೀಲದಲ್ಲಿತ್ತು. ಮಳೆಗಾಲದಲ್ಲಿ ರಬ್ಬರ್ ಮರಗಳ ಸೊಂಟಕ್ಕೆ ಲಂಗ ಉಡಿಸಿದ ಹಾಗೆ ಪ್ಲಾಸ್ಟಿಕ್ ಸುತ್ತುತ್ತಾರೆ, ಹಾಲಿನ ಬಟ್ಟಲಿಗೆ ನೀರು ಇಳಿಯದಿರಲಿ ಅಂತ. ಅದು ಮರಕ್ಕೆ ಕಚ್ಚಿಕೊಳ್ಳಲು ಟಾರು ಮೆತ್ತುತ್ತಾರೆ. ಮಳೆ ಮುಗಿದ ಮೇಲೆ ಕಿತ್ತೆಸೆಯುವ ಆ ಟಾರು ಹತ್ತಿದ ಚೂರುಗಳನ್ನು ಶೆಟ್ಟಿಕೊಪ್ಪದ ಕಡೆ ರಬ್ಬರ್ ಕೊಯ್ಯುವ ಅವಳ ಮಗ ಚೀಲ ತುಂಬಿ ತರುತ್ತಿದ್ದ. ಬಿಟ್ಟಿ ಸಿಗುತ್ತದೆ, ಬೇಗ ಹತ್ತುತ್ತದೆ, ಮತ್ತೇನು ಬೇಕು? ತನಗೆ ಬೇಕಾದವರ ಮನೆಗೆ ಹಬ್ಬದ ಸಿಹಿ ಕೊಟ್ಟ ಹಾಗೆ ಒಂದೊಂದು ಚೀಲ ಕೊಡುತ್ತಿದ್ದಳು. ನಾನು ಚೊಚ್ಚಲು ಬಸುರಿಯಾಗಿ ಅಮ್ಮನ ಮನೆಗೆ ಬಂದಾಗ ನಮಗೂ ಒಂದು ಚೀಲ ಬಂತು. ಸಂಜೆ ಚಳಿಗೆ ನಾನು ಬಚ್ಚಲೊಲೆ ಎದುರೇ ಕೂತು ಬೆನ್ನು ಕಾಯಿಸಿಕೊಳ್ಳುತ್ತಿದ್ದೆ. ಬಸುರಿಗೆ ಬೆಚ್ಚಗಿರಲಿ ಅಂತ ಅಮ್ಮ ಇನ್ನೆರಡು ಚೂರು ಒಲೆಗೆ ತುರುಕುತ್ತಿದ್ದಳು.

ಮಗಳು ಹುಟ್ಟಿದಾಗ ಎರಡು ಕೆ.ಜಿ. ಮೇಲೆ ಚಿಲ್ಲರೆ. ಇಲಿಮರಿ ಹಾಗಿತ್ತು. ನೀರಮ್ಮ ಕೈಮೇಲೆ ಹಾಕಿಕೊಂಡು ಆಡಿಸಿ ನೋಡಿದಳು. ನಾಳೆಯಿಂದ ಎಣ್ಣೆ ಜಾಸ್ತಿ ತಿಕ್ಕುತ್ತೇನೆ ಅಂದಳು ಅಷ್ಟೇ. ತಿಕ್ಕಿದಳು. ಬಚ್ಚಲ ಬಾಗಿಲು ಮುಚ್ಚಿ, ಗಾಳಿ ತಾಗದ ಹಾಗೆ ಸಂದಿಗೆ ಬಟ್ಟೆ ತುರುಕಿ, ಒಲೆ ಧಗಧಗ ಉರಿಸಿ, ಆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಕೂಸಿನ ತಲೆ ಒಣಗಿಸಿದಳು. ಕೂಸು ಏರಲಿಲ್ಲ. ಅಂಗನವಾಡಿಯ ತಕ್ಕಡಿಯಲ್ಲಿ ಮುಳ್ಳು ಅಲ್ಲೇ ನಿಂತಿತು. ಜೊತೆಗೆ ಒಣ ಕೆಮ್ಮು, ಎದೆಯಲ್ಲಿ ಕುರುಕುರು. ಹಾಲು ಕುಡಿಯಲು ಶುರುಮಾಡಿದರೆ ಕೆಮ್ಮಿ ಬಿಟ್ಟುಬಿಡುವುದು. ಸಂಬಂಧಿಕರು ಒಬ್ಬೊಬ್ಬರಾಗಿ ಬಂದು, ಅಯ್ಯೋ ಇಷ್ಟೇ ಇಷ್ಟಾ ಅಂದು, ಕಾಫಿ ಕುಡಿದು ಹೋದರು. ನನಗೆ ಕೂಸು ಉಳಿಯುತ್ತದೋ ಇಲ್ಲವೋ ಅನ್ನುವ ಭಯ. ಅದನ್ನು ಬಾಯಿಬಿಟ್ಟು ಹೇಳಲೂ ಭಯ.

ಕೊಪ್ಪದ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಮೆತ್ತಗೆ ಮಾತಾಡುವ ಮನುಷ್ಯ. ಎದೆಗೆ ಕೊಳವೆ ಇಟ್ಟು ಬಗ್ಗಿದವರು ಹಾಗೇ ಕೂಸಿನ ನೆತ್ತಿ ಮೂಸಿದರು. ಈ ತಲೆ ಯಾಕೆ ಟಾರಿನ ವಾಸನೆ ಬರುತ್ತಿದೆ ಅಂತ ಕೇಳಿದರು. ಅಮ್ಮ ಹೆಮ್ಮೆಯಿಂದಲೇ ನಮ್ಮ ಬಚ್ಚಲೊಲೆಯ ವಿಷಯ ಪೂರಾ ಹೇಳಿದಳು. ಅವರು ಪೆನ್ನು ಕೆಳಗಿಟ್ಟರು. ಟಾರು, ಪ್ಲಾಸ್ಟಿಕ್ ಸುಟ್ಟ ಹೊಗೆಯನ್ನು ಬಸುರಿ ಕುಡಿದರೆ ಕೂಸು ಸಣ್ಣದಾಗಿ ಹುಟ್ಟಬಹುದು; ಹುಟ್ಟಿದ ಮೇಲೂ ಕುಡಿದರೆ ಎದೆ ಕಟ್ಟುತ್ತದೆ, ಹಾಲು ಸೇರುವುದಿಲ್ಲ. ಇಂಥ ಕೆಲವು ಮಕ್ಕಳು ಐದಾರು ವರ್ಷಕ್ಕೆ ತದ್ವಿರುದ್ಧವಾಗಿ ಬೇಕಾದ್ದಕ್ಕಿಂತ ದಪ್ಪ ಆಗುವುದೂ ಉಂಟು ಅಂದರು. ಹಾಗಾದರೆ ನನ್ನ ಮಗಳು ಸೊರಗಿದ್ದು ಇದರಿಂದಲೇ ಏನು ಅಂತ ಕೇಳಿದೆ.

"ಒಂದು ಮಗುವನ್ನು ತೋರಿಸಿ ಇದರಿಂದಲೇ ಅಂತ ಹೇಳೋಕೆ ಬರಲ್ಲಮ್ಮ. ನಿಲ್ಲಿಸೋಕೆ ಅಷ್ಟು ಗ್ಯಾರಂಟಿ ಬೇಕಾಗಿಯೂ ಇಲ್ಲ" ಅಂದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನೀರಮ್ಮನಿಗೆ ಬೈಯಬೇಕಾದ್ದನ್ನೆಲ್ಲ ಜೋಡಿಸಿಕೊಂಡೆ. ಮನೆಗೆ ಬಂದರೆ ಎಣ್ಣೆ ಬಟ್ಟಲು ಹಿಡಿದು ಮೆಟ್ಟಿಲ ಮೇಲೆ ಕೂತಿದ್ದಾಳೆ, ಡಾಕ್ಟರು ಏನಂದರು ಕೇಳಲು. ಚಪ್ಪಲಿ ಬಿಡುವ ಮೊದಲೇ ಒಂದೇ ಉಸಿರಿಗೆ ಹೇಳಿಬಿಟ್ಟೆ. ಮೊದಲು ಅವಳಿಗೆ ಸಿಟ್ಟು ಬಂತು. ಈ ಊರಿನ ಅರ್ಧ ಜನಕ್ಕೆ ನೀರು ಹಾಕಿದ್ದೇನೆ, ಯಾರು ಸತ್ತಿದ್ದಾರೆ, ನೀನು ಸತ್ತೆಯಾ ಅಂತ ನನ್ನನ್ನೇ ಕೇಳಿದಳು. ನನ್ನ ಕಾಲಕ್ಕೆ ಈ ಊರಲ್ಲಿ ರಬ್ಬರ್ ಎಲ್ಲಿತ್ತು, ನೀನು ಆಗ ಹಚ್ಚುತ್ತಿದ್ದದ್ದು ತೆಂಗಿನ ಗರಿ ಅಂದೆ. ಅವಳು ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡು ನೆತ್ತಿಗೆ ಮೂಗು ಒತ್ತಿ ಜೋರಾಗಿ ಉಸಿರು ಎಳೆದಳು. ಮತ್ತೊಮ್ಮೆ ಎಳೆದಳು.

"ನಂಗೆ ಎಂತ ವಾಸನೆಯೂ ಬರಲ್ಲ ಮಾರಾಯ್ತಿ" ಅಂದಳು.

ಸುಳ್ಳಲ್ಲ ಅದು. ಅವಳ ಮೂಗು ಸತ್ತು ಎಷ್ಟು ವರ್ಷ ಆಗಿತ್ತೋ, ಅವಳಿಗೇ ಅವತ್ತು ಗೊತ್ತಾದದ್ದು. ಅಮ್ಮನ ಕಡೆ ತಿರುಗಿ, ನೀವು ನೋಡಿ ಅಂದಳು. ಅಮ್ಮ ಮೂಸಿದಳು. ವಾಸನೆ ಬರುತ್ತದೆ, ಆದರೆ ಅದು ಕೂಸಿನ ವಾಸನೆಯೇ ಅಲ್ಲವಾ, ನಮ್ಮ ಬೀದಿಯ ಎಲ್ಲ ಕೂಸುಗಳೂ ಮಿಂದ ಮೇಲೆ ಹಾಗೇ ಬರುತ್ತವಲ್ಲ ಅಂದಳು. ನೀರಮ್ಮ ಕೂಸನ್ನು ನನ್ನ ಮಡಿಲಿಗೆ ಹಾಕಿ ಎದ್ದು ಹೋದಳು. ಎಣ್ಣೆ ಬಟ್ಟಲು ಮೆಟ್ಟಿಲ ಮೇಲೇ ಉಳಿಯಿತು.

ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನ ತಲೆ ಮೇಲೆ ಒಣಸೌದೆ ಹೊರೆ ಹೊತ್ತು ಬಂದಳು. ತನ್ನ ಮನೆಯ ಅಟ್ಟದಲ್ಲಿ ತನ್ನ ಮಗಳ ಮದುವೆ ಅಡುಗೆಗೆ ಅಂತ ಸೀಳಿಟ್ಟದ್ದು ಅದು. ಬಚ್ಚಲ ಬಾಗಿಲು ತೆರೆದಿಟ್ಟು, ಕೂಸನ್ನು ಒಳಗಿನ ಕೋಣೆಯಲ್ಲೇ ಬಿಡಿ, ನೀರು ಕಾದ ಮೇಲೆ ಕರೆಯುತ್ತೇನೆ ಅಂದಳು. ಒಂದೇ ಕಡ್ಡಿಯ ಹೆಂಗಸು ಅವತ್ತು ಪೊಟ್ಟಣದ ಅರ್ಧ ಖಾಲಿ ಮಾಡಿದಳು. ತೆಂಗಿನ ಸಿಪ್ಪೆ ಹೊಗೆಯಾಡಿ ನಂದಿತು, ಮತ್ತೆ ಹಚ್ಚಿದಳು, ಮತ್ತೆ ನಂದಿತು. ಅಭ್ಯಾಸ ತಪ್ಪಿಹೋಗಿತ್ತು. ಅಮ್ಮನಿಗೆ ಪಾಪ ಅನ್ನಿಸಿ, ಒಂದೇ ಒಂದು ಚೂರು ಹಾಕು, ಇವಳಿಗೆ ಗೊತ್ತಾಗಲ್ಲ ಅಂತ ಪಿಸುಗುಟ್ಟಿದಳು. ನೀರಮ್ಮ ಅಮ್ಮನನ್ನು ನೋಡಿದ ನೋಟ ನನಗೆ ಈಗಲೂ ನೆನಪಿದೆ. ಕಾಡಿಗೆ ಎಳೆದುಕೊಳ್ಳದ ಮುಖ. ಅದರಲ್ಲಿ ಅನುಮಾನವೂ ಇರಲಿಲ್ಲ, ಜಂಬವೂ ಇರಲಿಲ್ಲ. ನೀರು ಕಾಯುವಾಗ ಮಧ್ಯಾಹ್ನದ ಊಟದ ಹೊತ್ತಾಗಿತ್ತು.

ಕೂಸು ನಿಧಾನಕ್ಕೆ ಚೇತರಿಸಿಕೊಂಡಿತು. ಡಾಕ್ಟರ ಔಷಧಿಯೂ ಇತ್ತು, ಬಿಡಿ. ಕೆಮ್ಮು ನಿಂತಿತು, ಹಾಲು ಕುಡಿಯಿತು, ಅಂಗನವಾಡಿ ತಕ್ಕಡಿಯ ಮುಳ್ಳು ಅಲುಗಿತು. ಅವತ್ತು ನಾನು ಅತ್ತುಬಿಟ್ಟೆ.

ಆಮೇಲೆ ಅವಳು ಮಾಡಿದ್ದು ನೋಡಿ. ತಾನು ನೀರು ಹಾಕಿದ ಚಿಕ್ಕ ಮಕ್ಕಳಿರುವ ಮನೆಗಳಿಗೆಲ್ಲ ಹೋದಳು. ಹಬ್ಬದ ಇನಾಮಿಗೆ ಬಂದಿದ್ದಾಳೆ ಅಂತ ಜನ ಪರ್ಸು ತೆಗೆದರು. ಅವಳು ಮಕ್ಕಳನ್ನು ಕರೆದು ಎತ್ತಿ ನೋಡಿ, ಕೆಮ್ಮು ಇದೆಯಾ, ಊಟ ಸೇರುತ್ತಾ ಅಂತ ಕೇಳಿ, ಆ ಚೂರು ಒಲೆಗೆ ಹಾಕಬೇಡಿ ಅಂತ ಹೇಳಿ ಬಂದಳು. ನೀನೇ ಕೊಟ್ಟದ್ದಲ್ವಾ ಅಂತ ಎಷ್ಟೋ ಜನ ನಕ್ಕರು. ಹೌದು, ನಾನೇ ಕೊಟ್ಟದ್ದು, ಅದಕ್ಕೇ ನಾನೇ ಬಂದದ್ದು ಅನ್ನುತ್ತಿದ್ದಳು. ಮುಂದೆ ಯಾರಾದರೂ ಬಸುರಿಯಾದರೆ ಐದನೇ ತಿಂಗಳಿಗೇ ಸೌದೆ ಸೀಳಿ ಒಣಗಿಸಬೇಕು, ಇಲ್ಲದಿದ್ದರೆ ತಾನು ಬರುವುದಿಲ್ಲ ಅಂತ ಶರತ್ತು ಹಾಕಿದಳು. ಬಸುರಿಗೆ ಬಳೆ ತೊಡಿಸಲು ಉಳಿದವರು ಬಂದರೆ ಇವಳು ಸೌದೆ ಗೂಡಿಗೆ ಕೈಹಾಕಲು ಬರುತ್ತಿದ್ದಳು. ಇವಳ ಕಾಟ ಯಾರಿಗೆ ಬೇಕು ಅಂತ ಕೆಲವರು ಬೇರೆಯವಳನ್ನು ಗೊತ್ತುಮಾಡಿಕೊಂಡರು. ಕೆಲವರು ಗೀಸರ್ ಹಾಕಿಸಿಕೊಂಡರು. ಗೀಸರ್ ಬಂದದ್ದು ಅವಳಿಗೆ ಸಂತೋಷವೇ ಆಯಿತು, ಕೆಲಸ ಕಡಿಮೆಯಾದರೂ.

ಮಗಳಿಗೆ ಆರು ತುಂಬುವಾಗ ಮೈ ತುಂಬತೊಡಗಿತು. ಮೊದಲು ಎಲ್ಲರಿಗೂ ಖುಷಿ. ಇಲಿಮರಿ ಅಂದಿದ್ದ ಸಂಬಂಧಿಕರೇ ಕೆನ್ನೆ ಹಿಂಡಿ ಗುಂಡಮ್ಮ ಅಂದರು. ನೀರಮ್ಮ ಒಬ್ಬಳೇ ಹಿಗ್ಗಲಿಲ್ಲ. ಒಂದು ದಿನ ಎತ್ತಲು ಹೋಗಿ, ಕೆಳಗಿಳಿಸಿ, ಇದು ಹೆಚ್ಚಾಯ್ತು ಅಂದಳು. ನನಗೆ ರೇಗಿತು. ಸಣ್ಣ ಇದ್ದಾಗ ಸಣ್ಣ ಅಂತೀಯ, ದಪ್ಪ ಆದರೆ ದಪ್ಪ ಅಂತೀಯ, ಕೂಸು ನಿನ್ನ ಅಳತೆಗೆ ಬೆಳೆಯಬೇಕಾ ಅಂದೆ. ಆದರೆ ಡಾಕ್ಟರ ಮಾತು ನನಗೂ ಮರೆತಿರಲಿಲ್ಲ. ಕೊಪ್ಪಕ್ಕೆ ಹೋದೆ. ತೂಕ ಹೆಚ್ಚೇ ಇತ್ತು. ಕಾರಣ ಹತ್ತು ಇರಬಹುದು, ಬೇಕರಿ ತಿಂಡಿ ಬಿಡಿಸಿ, ದಿನಾ ಓಡಾಡಿಸಿ ಅಂದರು.

ಬಾಣಂತನ ಮುಗಿದ ಮೇಲೂ ನಾನು ಇದೇ ಬೀದಿಯಲ್ಲಿ ಉಳಿದು ಅಂಗಡಿ ಇಟ್ಟಿದ್ದೆ; ಅದು, ಹೊಲಿಗೆ ಅಂತ ನನಗೆ ಪುರುಸೊತ್ತಿಲ್ಲ. ಓಡಾಡಿಸಲು ನೀರಮ್ಮ ನಿಂತಳು. ಸಂಜೆ ಶಾಲೆ ಬಿಟ್ಟ ಮೇಲೆ ಇಬ್ಬರೂ ಭದ್ರಾ ಹಿನ್ನೀರಿನ ದಂಡೆಯವರೆಗೆ ಹೋಗಿ ಬರುತ್ತಿದ್ದರು. ಮಗಳು ಸೊಪ್ಪು, ಕಲ್ಲು, ಸತ್ತ ಏಡಿ ಏನಾದರೊಂದು ತರುತ್ತಿದ್ದಳು. ಆಮೇಲೆ ದಂಡೆಯವರೆಗೆ ಅಲ್ಲ, ತಿರುವಿನವರೆಗೆ. ಆಮೇಲೆ ಅಕ್ಕಿ ಗಿರಣಿಯವರೆಗೆ. ಮಗಳಿಗೆ ಸುಸ್ತಾಗುತ್ತಿದೆ ಅಂದುಕೊಂಡಿದ್ದೆ. ಒಂದು ದಿನ ಅವಳೇ ಹೇಳಿದಳು: ಅಜ್ಜಿ ನಿಂತು ನಿಂತು ಉಸಿರು ತೆಗೆಯುತ್ತಾಳೆ, ನಾನು ಕಾಯುತ್ತೇನೆ.

ಅಷ್ಟು ವರ್ಷ ಆ ಮುಚ್ಚಿದ ಬಚ್ಚಲುಗಳಲ್ಲಿ ಕೂತವಳು ಅವಳಲ್ಲವೇ. ಕೂಸುಗಳು ಮೂರು ತಿಂಗಳಿಗೆ ಎದ್ದು ಹೋಗುತ್ತಿದ್ದವು, ಅವಳು ಮುಂದಿನ ಮನೆಯ ಬಚ್ಚಲಿಗೆ ಹೋಗುತ್ತಿದ್ದಳು. ಶಿವಮೊಗ್ಗದಲ್ಲಿ ತೋರಿಸಿದರು, ಶ್ವಾಸಕೋಶ ಗಟ್ಟಿಯಾಗಿದೆ ಅಂದರಂತೆ. ಮನೆಯಲ್ಲೇ ಆಕ್ಸಿಜನ್ ಯಂತ್ರ ಇಟ್ಟರು. ನಾನು ಗಂಜಿ ತೆಗೆದುಕೊಂಡು ಹೋಗುತ್ತಿದ್ದೆ. ಎರಡು ಮಾತಿಗೆ ಒಮ್ಮೆ ನಿಲ್ಲಬೇಕಾಗುತ್ತಿತ್ತು, ಆದರೂ ನನ್ನ ಮಗಳ ತೂಕ ಕೇಳುವುದನ್ನು ಬಿಡಲಿಲ್ಲ. ಸ್ವಲ್ಪ ಇಳಿದಿದೆ ಅಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಒಂದು ಸಲ, ಅದು ಏರಿದ್ದೂ ನನ್ನ ಹೊಗೆಯಿಂದಲೇ ಏನೋ ಅಂದಳು. ನೀರಮ್ಮ, ನಿಂಗೆ ಗೊತ್ತಿರಲಿಲ್ಲ, ಬಿಡು ಅಂದೆ. ಮನಸ್ಸಿನಿಂದಲೇ ಅಂದೆ.

ಅವಳು ಮೂಗಿನ ಕೊಳವೆ ಸರಿಮಾಡಿಕೊಂಡು, ಉಸಿರು ಕೂಡಿಸಿಕೊಂಡು ಹೇಳಿದಳು: "ಗೊತ್ತಿರಲಿಲ್ಲ ಅನ್ನೋದು ನಂಗೆ ಸಾಕು. ಕೂಸಿಗೆ ಸಾಕಾಗ್ತದಾ?"

ನಾನು ಗಂಜಿಯ ಬಟ್ಟಲು ಎತ್ತಿ ಅವಳ ಬಾಯಿಗೆ ಇನ್ನೊಂದು ಚಮಚ ಹಿಡಿದೆ.

ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಅವಳನ್ನು ಹೊತ್ತು ಮಸೀದಿಯ ಕಡೆ ಹೊರಟಾಗ ಬೀದಿಯಲ್ಲಿ ನಿಂತವರಲ್ಲಿ ಮುಕ್ಕಾಲು ಜನ ಅವಳ ಕಾಲ ಮೇಲೆ ಮಲಗಿ ಅತ್ತವರೇ. ನನ್ನ ಮಗಳು ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ.

ಮಗಳಿಗೆ ಈಗ ಒಂಬತ್ತು. ತೂಕ ಇನ್ನೂ ಸ್ವಲ್ಪ ಹೆಚ್ಚೇ ಇದೆ. ಯಾಕೆ ಅಂತ ಡಾಕ್ಟರು ಹೇಳುವುದಿಲ್ಲ, ನನಗೂ ಗೊತ್ತಿಲ್ಲ. ಹೊಟ್ಟೆಯಲ್ಲಿದ್ದಾಗ, ತೊಟ್ಟಿಲಲ್ಲಿದ್ದಾಗ ಅವಳು ಏನೇನು ಕುಡಿದಿದ್ದಾಳೋ. ತೋಟಕ್ಕೆ ಹೊಡೆದ ಔಷಧಿಯ ಗಾಳಿ, ಬಸ್ ಸ್ಟ್ಯಾಂಡಿನ ಹೊಗೆ, ಚರಂಡಿ ಪಕ್ಕದ ಕಸಕ್ಕೆ ದಿನಾ ಬೆಳಿಗ್ಗೆ ಯಾರೋ ಇಟ್ಟು ಹೋಗುವ ಬೆಂಕಿ. ಹೊಡೆದವರು, ಓಡಿಸಿದವರು, ಹಚ್ಚಿದವರು ಯಾರೂ ಇವತ್ತಿನವರೆಗೆ ನಮ್ಮ ಮನೆ ಬಾಗಿಲಿಗೆ ಬಂದು ನಿಮ್ಮ ಮಗಳು ಹೇಗಿದ್ದಾಳೆ ಅಂತ ಕೇಳಿಲ್ಲ. ಕೇಳಿದವಳು ನೀರಮ್ಮ ಒಬ್ಬಳೇ.