ಕಮರಿಪೇಟೆಯ ಬೆಳ್ಳುಳ್ಳಿ ಮತದಾನ

ಮಾನ್ಯ ಓದುಗರಲ್ಲಿ ವಿನಂತಿ. ಪ್ರವಾಸದ ಕುರಿತು ಬರೆಯುತ್ತಿರುವುದು ಇದೇ ಮೊದಲು. ಅಕ್ಷರ ದುಂಡಗಿಲ್ಲ, ಕಾಗುಣಿತದ ಮೇಲೂ ಭರವಸೆಯಿಲ್ಲ, ದಯವಿಟ್ಟು ಮನ್ನಿಸಬೇಕು.

ಕಳೆದ ಭಾನುವಾರ ಬೆಳಿಗ್ಗೆ ಧಾರವಾಡದ ಸಪ್ತಾಪುರದಿಂದ ಹುಬ್ಬಳ್ಳಿಯ ಕಮರಿಪೇಟೆಗೆ ಹೊರಟೆನು. ಅಂತರ ಸುಮಾರು ಇಪ್ಪತ್ತು ಕಿಲೋಮೀಟರ್. ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತವಾದ್ದರಿಂದ ವೆಚ್ಚ ಶೂನ್ಯ. ಉಣಕಲ್ ಕೆರೆಯವರೆಗೆ ತುಂತುರು ಮಳೆ, ಅಲ್ಲಿಂದ ಮುಂದೆ ಬಿಸಿಲು. ವಾರ್ಡಿಗೆ ಬಂದ ಹಣವನ್ನು ಯಾವ ಕೆಲಸಕ್ಕೆ ಬಳಸಬೇಕೆಂದು ನಿವಾಸಿಗಳೇ ತೀರ್ಮಾನಿಸುವ ಸಭೆಯನ್ನು ನೋಡುವುದು ಪ್ರಯಾಣದ ಉದ್ದೇಶವಾಗಿತ್ತು.

ಅಲ್ಲಿನ ಓಣಿಯ ಮೂಲೆಯಲ್ಲಿ ನನ್ನ ಚಿಕ್ಕಮ್ಮ ಗಂಗವ್ವ ಕಾಕು ಕಾಯಿಪಲ್ಲೆ ಮಾರುತ್ತಾರೆ. ಚಹಾ ತರಿಸಲೇ ಎಂದು ಕೇಳಿದೆನು.

“ಬ್ಯಾಡವಾ. ಸಂಜಿತನಕಾ ಇಲ್ಲೇ ಕುಂದರಬೇಕು. ಹೆಣ್ಣಮಕ್ಕಳಿಗೆ ಶೌಚಾಲಯ ಎಲ್ಲೈತಿ ಇಲ್ಲೆ? ನೀರೂ ಗುಟುಕು ಗುಟುಕು ಕುಡೀತೇನಿ,” ಎಂದರು.

ಸಭೆ ಶಾಲೆಯ ಅಂಗಳದಲ್ಲಿ ಸೇರಿತು. ಬೀದಿದೀಪ, ಗಟಾರ, ಹೆಣ್ಣುಮಕ್ಕಳ ಶೌಚಾಲಯ, ಹೀಗೆ ಮೂರು ಕೆಲಸಗಳ ಚಿತ್ರ ಅಂಟಿಸಿದ ಮೂರು ಬುಟ್ಟಿಗಳಿದ್ದವು. ಓದು ಬಾರದವರಿಗೂ ತೊಡಕಾಗದಿರಲೆಂದು ಮತದ ಗುರುತಾಗಿ ಪ್ರತಿಯೊಬ್ಬ ನಿವಾಸಿಗೂ ಒಂದೊಂದು ಹುರಿದ ಶೇಂಗಾ ಕಾಯಿ ವಿತರಿಸಲಾಯಿತು. ತರುವಾಯ ವಾರ್ಡ್ ಸಮಿತಿಯ ಅಧ್ಯಕ್ಷರು ಭಾಷಣ ಆರಂಭಿಸಿದರು. ಭಾಷಣ ಮುಗಿದಾಗ ಅಂಗಳದ ತುಂಬ ಸಿಪ್ಪೆ ಬಿದ್ದಿತ್ತು.

“ಏನ್ರೀ ಇದು! ಮತಾನ ತಿಂದ್ರೇನು?” ಎಂದು ಅಧ್ಯಕ್ಷರು ಗಾಬರಿಯಾದರು.

“ಲಗೂ ಮುಗಸಬೇಕಿತ್ರಿ ಸಾಹೇಬ್ರ,” ಎಂದು ದರ್ಜಿ ಇಮಾಮ ಕಾಕಾ ಹಿಂದಿನಿಂದ ಕೂಗಿದರು. “ಛಲೋ ಹುರದಿದ್ರು, ಉಳಸಾಕ ಮನಸಾಗಲಿಲ್ಲ!”

ಸಭೆಯನ್ನು ಮುಂದೂಡುವುದಾಗಿ ಅಧ್ಯಕ್ಷರು ಹೇಳಿದ ಕೂಡಲೇ ಕಾಕು ಎದ್ದು ನಿಂತು, ಸೆರಗಿನ ಗಂಟು ಬಿಚ್ಚಿ ತಮ್ಮ ಶೇಂಗಾ ತೋರಿಸಿದರು.

“ನಂದು ಐತ್ರಿ. ಇನ್ನೆಷ್ಟ ದಿನಾ ಕಾಯೂದ್ರಿ? ನನ್ನ ಬುಟ್ಟ್ಯಾಗ ಬೆಳ್ಳುಳ್ಳಿ ಐತಿ, ಕೊಡ್ತೇನಿ. ಹಸೀದು ಯಾರ ತಿಂತಾರ ನೋಡೂಣು!”

ಶೇಂಗಾದ ಬದಲು ಮತಕ್ಕೊಂದರಂತೆ ಬೆಳ್ಳುಳ್ಳಿಯ ಎಸಳು ಬಿಡಿಸುವ ಕಾರ್ಯದಲ್ಲಿ ನಾನೂ ಭಾಗವಹಿಸಿದೆನು. ಹೊರಗಿನವಳಾದ ಕಾರಣ ಮತ ಹಾಕಲಿಲ್ಲ. ಈ ಸಲ ಒಂದು ಎಸಳೂ ಬಾಯಿಗೆ ಹೋಗಲಿಲ್ಲ. ಎಣಿಸಿದಾಗ ಶೌಚಾಲಯದ ಬುಟ್ಟಿ ಗೆದ್ದಿತು.

“ಆತವಾ ಗಂಗವ್ವಾ, ನನ್ನ ಗಟಾರಾ ಮುಂದಿನ ವರ್ಷ,” ಎಂದರು ಇಮಾಮ ಕಾಕಾ. “ಆವಾಗ ಉಳ್ಳಾಗಡ್ಡಿ ಕೊಟ್ಟು ಎಲ್ಲಾರನೂ ಅಳಸಬ್ಯಾಡ ಮತ್ತ!”

ಸಂಜೆ ಬಸ್ಸಿಗೆ ಕಳುಹಿಸುವಾಗ ಕಾಕು ನನ್ನ ಕೈ ಹಿಡಿದುಕೊಂಡರು. “ಅದು ಕಟ್ಟಿದ ದಿನಾ ಬಾರವಾ. ಕಪ್ ತುಂಬ ಚಾ ಕುಡಿಯೂಣು. ನಾ ಎರಡು ಕುಡೀತೇನಿ.”

ಸಪ್ತಾಪುರಕ್ಕೆ ಮರಳಿ ಸಾಬೂನು ಹಚ್ಚಿ ತೊಳೆದರೂ ಕೈಯಿಂದ ಬೆಳ್ಳುಳ್ಳಿಯ ವಾಸನೆ ಹೋಗಿಲ್ಲ; ಈ ಹಾಳೆಗೂ ತಗುಲಿರಬಹುದು. ಅದನ್ನು ಹಾಗೆಯೇ ಇರಗೊಟ್ಟು, ಕಣ್ಣಿಗೆ ಬಿದ್ದ ತಪ್ಪುಗಳನ್ನು ಮಾತ್ರ ತಿದ್ದಿಕೊಳ್ಳಬೇಕೆಂದು ಓದುಗರನ್ನು ಕೋರುತ್ತೇನೆ.