ಇಬ್ಬರು ಪತ್ತೇದಾರರ ಒಂದು ಕಾದಂಬರಿ

ಬಳ್ಳಾರಿಯಲ್ಲಿ ನಾನು, ಸಿರುಗುಪ್ಪದಲ್ಲಿ ನನ್ನ ಗೆಳೆಯ. ಇಬ್ಬರೂ ಪತ್ತೇದಾರಿ ಕಾದಂಬರಿ ಬರೆಯುವವರು. ನನ್ನ ಸರಣಿಯಲ್ಲಿ ಕೊಲೆಗಾರರನ್ನು ಹಿಡಿಯುವವಳು ರಸ್ತೆಯೇ ಇಲ್ಲದ ಕಾಡಿನ ಹಾಡಿಯೊಂದರ ಫಾರೆಸ್ಟ್ ಗಾರ್ಡ್. ಅವನ ಸರಣಿಯಲ್ಲಿ, ಆರು ತಿಂಗಳು ಹಿಮದಲ್ಲಿ ಮುಚ್ಚಿಹೋಗುವ ಬೆಟ್ಟದೂರಿನ ಶಾಲೆಯ ಮೇಷ್ಟ್ರು. ಅಂಥ ಊರುಗಳಲ್ಲಿ ನಾವಿಬ್ಬರೂ ಒಂದು ದಿನವೂ ಇದ್ದವರಲ್ಲ.

“ಲೇ, ಈ ಬಿಸಿಲಾಗ ಕುಂತು ಹಿಮ ಬರೀತಿಯಲ್ಲ, ಓದೋರಿಗೆ ನೆಗಡಿ ಬಂದೀತು” ಎಂದು ಕಾಡುತ್ತಿದ್ದೆ. ಅವನು ನಗುತ್ತಿದ್ದ.

ಎರಡೂ ಸರಣಿಗಳನ್ನು ಜೋಡಿಸುವ ಸಣ್ಣ ಕಾದಂಬರಿಯ ಯೋಚನೆ ಅವನದು. ಹಿಮದೂರಿನವನೊಬ್ಬ ನನ್ನ ಹಾಡಿಯಲ್ಲಿ ಹೆಣವಾಗಿ ಸಿಗುತ್ತಾನೆ. ಮೇಷ್ಟ್ರು ಅಷ್ಟು ದೂರದಿಂದ ಹುಡುಕಿಕೊಂಡು ಬರುತ್ತಾರೆ. ಅವನೊಂದು ಅಧ್ಯಾಯ, ನಾನೊಂದು. ಇಬ್ಬರಿಗೂ ಬಸ್ ಸಿಗುವ ಕುರುಗೋಡಿನ ಹೋಟೆಲೊಂದರಲ್ಲಿ ನೋಟ್‌ಬುಕ್ ಕೈ ಬದಲಾಗುತ್ತಿತ್ತು. ಕರಾರು ಮಾತ್ರ ನನ್ನದು: ಒಬ್ಬ ಬರೆಯುವಾಗ ಇನ್ನೊಬ್ಬನೊಂದಿಗೆ ಫೋನೂ ಇಲ್ಲ, ಭೇಟಿಯೂ ಇಲ್ಲ. ಅವನ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ, ಮುಂದಿನ ಕಥೆಯನ್ನೆಲ್ಲ ಒದರಿಬಿಡುತ್ತಿದ್ದ.

ಕೊನೆಯ ಸಲ ಸೇರಿದಾಗ ಜಗಳವಾಯಿತು. ಕೊಲೆಗಾರನನ್ನು ಹಿಡಿಯುವವರು ಯಾರು? ಸತ್ತವನು ತನ್ನೂರಿನವನು, ಮೇಷ್ಟ್ರೇ ಹಿಡಿಯಬೇಕು ಎಂದ. ಕಾಡು ನನ್ನದು, ಗಾರ್ಡೇ ಹಿಡಿಯಬೇಕು ಎಂದೆ ನಾನು. ಕೋಪದ ಕೈಗೆ ಬುದ್ಧಿ ಕೊಡಬಾರದು ಅನ್ನುತ್ತಾರೆ, ನಾನು ಕೊಟ್ಟೆ.

“ನಿನ್ನ ಮೇಷ್ಟ್ರು ಬೆಂಕಿ ಕಾಸಾಕಷ್ಟ ಲಾಯಕ್ಕು. ನೀನೂ ಅಷ್ಟ” ಎಂದುಬಿಟ್ಟೆ.

ಅವನು ಚಹಾ ಕುಡಿಯದೆ, ನೋಟ್‌ಬುಕ್ ಎತ್ತಿಕೊಂಡು ಸಿರುಗುಪ್ಪದ ಬಸ್ ಹತ್ತಿದ.

ವಾರ ಕಳೆಯಿತು, ತಿಂಗಳೂ ಕಳೆಯಿತು. ಸಿಟ್ಟು ಮಾಡಿಕೊಂಡಿದ್ದಾನೆ, ಮಾಡಿಕೊಳ್ಳಲಿ ಎಂದುಕೊಂಡೆ. ಕರಾರು ಇದೆಯಲ್ಲ ಎಂಬ ನೆಪವೂ ಇತ್ತು. ದಿನಾ ಬೆಳಿಗ್ಗೆ ಮನೆ ಹತ್ತಿರದ ಆಸ್ಪತ್ರೆಯೆದುರಿನ ಗಾಡಿಯಲ್ಲಿ ಒಗ್ಗರಣೆ ಮಂಡಕ್ಕಿ ತಿಂದು ಬರುತ್ತಿದ್ದೆ. ಒಂದು ದಿನ ಅವನ ಭಾಮೈದ ಫೋನ್ ಮಾಡಿದ, ಅವನು ಹಿಂದಿನ ದಿನವೇ ಸತ್ತಿದ್ದ. ಸಿರುಗುಪ್ಪಕ್ಕೆ ಹೊತ್ತಾಗಿ ತಲುಪಿದೆ, ಮಣ್ಣು ಮುಗಿದಿತ್ತು.

ಅಲ್ಲಿ ಹೋದಮೇಲೆ ತಿಳಿಯಿತು, ಕಾಮಾಲೆ ಏರಿ ಇಪ್ಪತ್ತು ದಿನ ಅವನಿದ್ದದ್ದು ಅದೇ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ. ನಾನು ಕೆಳಗೆ ಮಂಡಕ್ಕಿ ತಿನ್ನುತ್ತಿದ್ದೆ. ನನ್ನ ಮೇಲೆ ನನಗೇ ಹೇಸಿಗೆ ಬಂತು.

“ಫೋನ್ ಹಚ್ಚಲೇನ್ರಿ ಅಂತ ದಿನಾ ಕೇಳಿದೆ ಅಣ್ಣಾ” ಎಂದಳು ಅವನ ಹೆಂಡತಿ. “ಬ್ಯಾಡ, ಅಧ್ಯಾಯ ಮುಗದಿಲ್ಲ, ಅವ ಮತ್ತ ಬೈತಾನ ಅಂದ್ರು. ಬಾಗಿಲ ಸಪ್ಪಳಾದ್ರ ಮಾತ್ರ ನೀವ ಬಂದ್ರೇನೋ ಅಂತ ಹೊಳ್ಳಿ ನೋಡ್ತಿದ್ರು.”

ಅವಳು ನೋಟ್‌ಬುಕ್ ತಂದುಕೊಟ್ಟಳು. ಅಲ್ಲೇ ಕುಳಿತು ಓದಿದೆ. ಆಸ್ಪತ್ರೆಯಲ್ಲಿ ಬರೆದದ್ದು, ಅಕ್ಷರಗಳು ಸಾಲು ಬಿಟ್ಟು ಇಳಿದಿದ್ದವು. ಮೇಷ್ಟ್ರು ಕೊಲೆಗಾರನ ಮನೆಯ ಬಾಗಿಲವರೆಗೂ ಹೋಗಿ ನಿಲ್ಲುತ್ತಾರೆ. “ಇದು ನಿಮ್ಮ ಕಾಡು, ನೀವು ಹೋಗಿ” ಎಂದು ಗಾರ್ಡ್‌ಗೆ ದಾರಿ ಬಿಡುತ್ತಾರೆ. ನನಗಾಗಿ ಸೋತಿದ್ದ. ಕಣ್ಣು ಮಂಜಾಗಿ ಮುಂದಿನ ಸಾಲು ಕಾಣಲಿಲ್ಲ.

“ಹೆಂಗೈತಿ ಅಣ್ಣಾ? ನಿಮ್ಮ ಬಾಯಿಂದ ಅದೊಂದು ಕೇಳಬೇಕಂತ ಅವ್ರಿಗೆ ಭಾಳ ಇತ್ತು.”

“ಚಲೋ ಬರದಾನವ್ವ” ಎಂದೆ. ಮೂವತ್ತು ವರ್ಷದ ಗೆಳೆತನದಲ್ಲಿ ಆ ಮಾತನ್ನು ಅವನಿಗೆ ಒಮ್ಮೆಯೂ ಹೇಳಿರಲಿಲ್ಲ.