ಚೌಕಾಶಿ ಇಲ್ಲದ ಗಡಿಗೆ

ಮನುಷ್ಯ ತನ್ನ ಕೈಯಾರೆ ಒಂದು ಆಕಾರವನ್ನು ಹುಟ್ಟಿಸಿದಾಗ ಅವನೊಳಗಿನ ಒಂಟಿತನ ಕರಗಿಹೋಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ಹಾಗೆ ಹೇಳಿದವರ ಪಡಸಾಲೆಯಲ್ಲಿ ಮಾರಾಟವಾಗದ ಗಡಿಗೆಗಳು ಗೋಡೆಯುದ್ದಕ್ಕೂ ಕುಳಿತಿರಲಿಕ್ಕಿಲ್ಲ. ನನ್ನ ಪಡಸಾಲೆಯಲ್ಲಿ ಕುಳಿತಿದ್ದವು. ನಾನು ಊಟಕ್ಕೆ ಕೂತರೆ ಎಲ್ಲವೂ ಬಾಯಿ ತೆರೆದುಕೊಂಡು ನನ್ನ ತಾಟನ್ನೇ ನೋಡುತ್ತಿದ್ದವು.

ನಾನು ಚಿತ್ರಕಲೆಯ ಮಾಸ್ತರನಾಗಿದ್ದೆ. ಜಮಖಂಡಿಯ ಶಾಲೆಯೊಂದರಲ್ಲಿ ಮೊದಲು ಅಪ್ಪಂದಿರಿಗೂ ಆಮೇಲೆ ಅವರ ಮಕ್ಕಳಿಗೂ ಅದೇ ಮಾವಿನಕಾಯಿ ಬರೆಯಲು ಕಲಿಸಿ ನಿವೃತ್ತನಾದೆ. ಲಗ್ನವಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ನೋಡೋಣ, ನೋಡೋಣ ಎನ್ನುತ್ತಿರುವಾಗಲೇ ಹೆಣ್ಣು ನೋಡಬೇಕಾದವರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡರು. ಕೊನೆಗೆ ಉಳಿದವಳು ತಾಯಿ. ಅವಳೂ ಹೋದ ಮೇಲೆ ಬಾಡಿಗೆ ಕಡಿಮೆಯೆಂದು ಬನಹಟ್ಟಿಗೆ ಬಂದು, ನೇಕಾರರ ಮನೆಯೊಂದರ ಹಿಂಭಾಗದಲ್ಲಿ ಹಿತ್ತಲ ಸಮೇತ ನೆಲೆಸಿದೆ. ಸುತ್ತಲೂ ಮಗ್ಗಗಳ ಸದ್ದು. ಕರೆಂಟು ಇರುವ ತನಕ ಬೀದಿಯೇ ನನ್ನ ಜೊತೆ ಮಾತಾಡುತ್ತಿದೆ ಎಂಬ ಭ್ರಮೆ ಇರುತ್ತದೆ. ಕರೆಂಟು ಹೋದರೆ ನನ್ನ ಮನೆಯಲ್ಲಿ ಯಾರೂ ಇಲ್ಲವೆಂಬುದು ನನಗೂ, ಪಕ್ಕದವರಿಗೂ ಒಟ್ಟಿಗೇ ಕೇಳಿಸುತ್ತದೆ.

ಪಿಂಚಣಿ ಬರುತ್ತದೆ, ಒಬ್ಬನ ಹೊಟ್ಟೆಗೆ ಸಾಕು. ಹಾಗಾಗಿ ಕುಂಬಾರಿಕೆಗೆ ಇಳಿದದ್ದು ಹೊಟ್ಟೆಪಾಡಿಗಲ್ಲ. ದಿನಕ್ಕೊಮ್ಮೆಯಾದರೂ ಯಾರಾದರೂ ಬಂದು ನನ್ನನ್ನು ಏನಾದರೊಂದು ಕೇಳಬೇಕು, ನಾನು ಉತ್ತರ ಕೊಡಬೇಕು ಎಂಬುದಷ್ಟೇ ಆಸೆ. ಶಾಲೆಯಲ್ಲಿ ಇದು ಪುಕ್ಕಟೆ ಸಿಗುತ್ತಿತ್ತು.

ಕರೆಂಟಿನ ಮೇಲೆ ತಿರುಗುವ ತಿಗರಿಯೊಂದನ್ನು ತರಿಸಿದೆ. ಘಟಪ್ರಭೆಯ ದಂಡೆಯಿಂದ ಮಣ್ಣು ತಂದೆ. ಮೊದಲ ಸಲ ಬರೀ ಎರೆಮಣ್ಣಿನಲ್ಲಿ ಮಾಡಿದ ಗಡಿಗೆಗಳು ನೆರಳಲ್ಲಿ ಒಣಗುವಾಗಲೇ ಬಿರಿದವು. ಮಳಲು ಬೆರೆಸಿದೆ, ಸೋಸಿದ ಬೂದಿ ಬೆರೆಸಿದೆ. ಹಿತ್ತಲಲ್ಲಿ ಆವಿಗೆ ಕಟ್ಟಿ, ಕಬ್ಬಿನ ಒಣಗರಿಯನ್ನೂ ಕುಳ್ಳನ್ನೂ ಒಟ್ಟಿ ಸುಟ್ಟೆ. ಎರಡು ಮಳೆಗಾಲ ಕಳೆದ ಮೇಲೆ ಒಂದು ಮುಂಜಾನೆ ಬೂದಿ ಸರಿಸಿದರೆ ಒಂದೂ ಬಿರಿಯದೆ, ಕೆಂಪಗೆ, ಇನ್ನೂ ಬೆಚ್ಚಗೆ ಸಾಲಾಗಿ ಕೂತಿದ್ದವು. "ನೋಡಿಲ್ಲಿ" ಎಂದು ಹಿಂದಕ್ಕೆ ತಿರುಗಿದೆ. ಹಿಂದೆ ತುಳಸಿಕಟ್ಟೆ ಇತ್ತು. ಅದು ನೋಡಿತು ಎಂದುಕೊಂಡು ಒಳಗೆ ಹೋಗಿ ಚಹಾ ಮಾಡಿಕೊಂಡೆ.

ಮಾರಬೇಕು ಎನಿಸಿದ್ದು ಆಗ. ನಿವೃತ್ತ ಮಾಸ್ತರರ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಹಾಕಿದೆ. ಎಲ್ಲರೂ ಕೈ ಮುಗಿದರು, ಹೆಬ್ಬೆರಳು ಎತ್ತಿದರು. ಒಬ್ಬರು ತಪ್ಪಿ ಹುಟ್ಟುಹಬ್ಬದ ಶುಭಾಶಯ ಕೋರಿದರು. ಜಮಖಂಡಿಯಲ್ಲಿ ಉಡುಗೊರೆ ಸಾಮಾನಿನ ಅಂಗಡಿಯವನೊಬ್ಬ, ನನ್ನ ಹಳೆಯ ವಿದ್ಯಾರ್ಥಿ, ಎರಡು ಗಡಿಗೆ ಇಟ್ಟುಕೊಂಡ. ತಿಂಗಳು ಬಿಟ್ಟು ಹೋದರೆ ಅವುಗಳಲ್ಲಿ ಪ್ಲಾಸ್ಟಿಕ್ ಹೂವುಗಳು ಅರಳಿದ್ದವು.

"ಯಾರೂ ಕೇಳಲಿಲ್ರಿ ಸರ," ಎಂದ. "ಆದ್ರ ಅಂಗಡಿಗೆ ಛಲೋ ಕಾಣ್ತಾವ. ಇರ್ಲಿ ಬಿಡ್ರಿ."

ಇರಲಿ ಎಂದು ಬಿಟ್ಟೆ. ಮುಂದೆ ಬೀಳಗಿಯ ಸಂತೆಗೆ ಒಂದು ಬುಟ್ಟಿ ಹೊತ್ತು ಹೋದೆ. ಅಲ್ಲಿ ಹೆಣ್ಣುಮಕ್ಕಳು ಮುಗಿಬಿದ್ದರು. ಒಂದೊಂದು ಗಡಿಗೆಯನ್ನೂ ಬೆರಳಗಂಟಿನಿಂದ ಟಣ್ ಟಣ್ ಎಂದು ಬಡಿದರು, ಕಿವಿಗೊಟ್ಟು ಕೇಳಿದರು, ಮೂಗು ಮುರಿದರು, ನಾನು ಹೇಳಿದ ದರದ ಕಾಲುಭಾಗಕ್ಕೆ ಕೇಳಿದರು, ಎದ್ದು ಹೋದರು, ತಿರುಗಿ ಬಂದರು. ಮಧ್ಯಾಹ್ನದವರೆಗೆ ಇದೇ ನಡೆಯಿತು. ಬಡಿಯುವ ಉತ್ಸಾಹದಲ್ಲಿ ಒಂದು ಮುಚ್ಚಳ ಎರಡಾಯಿತು. ಒಂದು ಗಡಿಗೆಯೂ ಹೋಗಲಿಲ್ಲ.

ಚೌಕಾಶಿಯೆಂದರೆ ನನಗೆ ಚಿಕ್ಕಂದಿನಿಂದ ಸಂಕೋಚ. ತಾಯಿ ಸಂತೆಯಲ್ಲಿ ಬದನೆಕಾಯಿಯವನ ಜೊತೆ ವಾದಕ್ಕೆ ನಿಂತರೆ ನಾನು ಅವಳ ಮಗನಲ್ಲವೆಂಬಂತೆ ಆಚೆ ನೋಡುತ್ತಿದ್ದೆ. ಹಾಗಾಗಿ ಬೀಳಗಿಯಿಂದ ಬಂದವನೇ ಒಂದು ಹಲಗೆ ತೆಗೆದುಕೊಂಡು, ನೌಕರಿಯುದ್ದಕ್ಕೂ ಶಾಲೆಯ ಫಲಕಗಳನ್ನು ಬರೆದು ಪಳಗಿದ ಕೈಯಿಂದ, ನೆರಳು ಕೊಟ್ಟ ಅಕ್ಷರಗಳಲ್ಲಿ ಬರೆದೆ: ಒಂದೇ ದರ. ಚೌಕಾಶಿ ಇಲ್ಲ. ದಯವಿಟ್ಟು ಗಡಿಗೆಗಳನ್ನು ಬಡಿದು ನೋಡಬಾರದು. ಅದರ ಕೆಳಗೆ ಬೆಲೆ ಬರೆದೆ. ದೂರ ನಿಂತು ನೋಡಿದೆ. ನಾಗರಿಕತೆ ಒಂದು ಹೆಜ್ಜೆ ಮುಂದೆ ಹೋಗಿತ್ತು.

ಆ ಫಲಕದೊಂದಿಗೆ ಮುಧೋಳದ ಸಂತೆಯಲ್ಲಿ ಕೂತೆ. ಪಕ್ಕದಲ್ಲಿ ಹಸಿಮೆಣಸಿನಕಾಯಿ ಮಾರುವ ಮುದುಕಿ. ಬಂದವರು ಫಲಕ ಓದುತ್ತಿದ್ದರು, ಗಡಿಗೆಗಳತ್ತ ಒಮ್ಮೆ ನೋಡುತ್ತಿದ್ದರು, ಸೆರಗು ಸರಿಮಾಡಿಕೊಂಡು ಬೇಗ ದಾಟುತ್ತಿದ್ದರು. ಮಕ್ಕಳು ಮುಟ್ಟಲು ಬಂದರೆ ತಾಯಂದಿರು ಕೈ ಹಿಡಿದು ಎಳೆದುಕೊಳ್ಳುತ್ತಿದ್ದರು. ಎಂಥ ಶಿಸ್ತು ಎಂದುಕೊಂಡೆ. ಬೀಳಗಿಗೂ ಮುಧೋಳಕ್ಕೂ ಇರುವ ವ್ಯತ್ಯಾಸದ ಬಗ್ಗೆ ಮನಸ್ಸಿನಲ್ಲೇ ಒಂದು ಭಾಷಣ ತಯಾರಾಯಿತು. ಕೇಳುವವರಿರಲಿಲ್ಲ. ಸಂಜೆಯವರೆಗೆ ಯಾರೂ ನನ್ನೊಡನೆ ಒಂದು ಮಾತೂ ಆಡಲಿಲ್ಲ. ಯಾವ ಹೆಸರಾದ ತಳಿಗೂ ಸೇರದ ಒಂದು ನಾಯಿ ಬಂದು ಬುಟ್ಟಿಯ ನೆರಳಲ್ಲಿ ಮಲಗಿ, ತನಗೆ ಬೇಕೆನಿಸಿದಾಗ ಎದ್ದು ಹೋಯಿತು.

ಮುಂದಿನ ಸಂತೆಯಲ್ಲಿ ಒಬ್ಬ ಬಂದ. ತಲೆಯ ಮೇಲೆ ಟವೆಲು, ಬರಿಗಾಲು. ಫಲಕದಲ್ಲಿದ್ದಷ್ಟು ಹಣ ಇಟ್ಟ, ಎದುರಿಗಿದ್ದ ಗಡಿಗೆ ಎತ್ತಿಕೊಂಡ, ಹೋದ. ಬಡಿಯಲಿಲ್ಲ, ವಾದಿಸಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ನನ್ನ ಮೊದಲ ಗಿರಾಕಿ! ಮನೆಗೆ ಬಂದು, ಯಾರೂ ಕೇಳದಿದ್ದರೂ, ಶಿರಾ ಮಾಡಿಕೊಂಡು ತಿಂದೆ. ಖುಷಿಯಲ್ಲೂ ಏನೋ ಕಡಿಮೆಯಾಗಿತ್ತು. ಗಡಿಗೆ ಹೇಗಿದೆ ಎಂದು ಆತ ಒಂದು ಮಾತಾದರೂ ಅನ್ನಬಹುದಿತ್ತು. ಮುಂದೆ ಯಾರಾದರೂ ಬಂದರೆ ನಾನೇ ಮಾತು ತೆಗೆಯಬೇಕು ಎಂದು ನಿಶ್ಚಯಿಸಿದೆ.

ಎರಡನೆಯವನು ಬಂದದ್ದು ಕೆಲವು ವಾರಗಳ ಮೇಲೆ. ಅವನೂ ಹಾಗೆಯೇ: ಟವೆಲು, ಬರಿಗಾಲು, ಮೌನ. ಹಣ ಇಟ್ಟು ಗಡಿಗೆ ಎತ್ತಿಕೊಂಡು ಹೊರಟ. ನಾನು ನಿಶ್ಚಯದಂತೆ ಎದ್ದು ನಿಂತು, ಮುಖ ಅರಳಿಸಿಕೊಂಡು ಕೂಗಿದೆ.

"ಮತ್ತ ಬರ್ರಿ. ಮನ್ಯಾಗಿನವ್ರಿಗೂ ಹೇಳ್ರಿ."

ಆತ ನಿಂತ. ತಿರುಗಿ ನನ್ನನ್ನು ನೋಡಿದ. ಕೋಪವಿರಲಿಲ್ಲ, ಕಣ್ಣು ಕೆಂಪಾಗಿದ್ದವು.

"ಮುಂಜಾನಿ ನಮ್ಮವ್ವ ತೀರಿಕೊಂಡ್ಲ್ರಿ," ಎಂದ. "ಮತ್ತ ಬರೂ ಹಂಗ ಆಗೂದ ಬ್ಯಾಡ್ರಿ."

ಅವನು ಹೋದ ಮೇಲೂ ನಾನು ನಿಂತೇ ಇದ್ದೆ. ಮೆಣಸಿನಕಾಯಿಯ ಮುದುಕಿ ನನ್ನ ಧೋತರದ ತುದಿ ಜಗ್ಗಿದಳು.

"ಕುಂದರ್ರಿ. ಅಂಥಾವ್ರಿಗೆ ಮತ್ತ ಬರ್ರಿ ಅಂತಾರೇನ್ರಿ?"

"ನನಗೇನ್ ಗೊತ್ತ ಅಕ್ಕಾರ, ಅವ್ರು ಅದಕ್ಕ ಒಯ್ಯಾಕತ್ತಾರ ಅಂತ?"

"ಮತ್ಯಾದಕ್ಕ ಒಯ್ತಾರ? ಬಡದ ನೋಡಬ್ಯಾಡ್ರಿ, ಹುಜ್ಜತ್ ಮಾಡಬ್ಯಾಡ್ರಿ ಅಂತ ನೀವ ಬರದ ಹಾಕೀರಿ. ಕುಡಿಯೂ ನೀರಿನ ಗಡಿಗಿ ಯಾರರ ಹಂಗ ಒಯ್ತಾರೇನ್ರಿ? ಹೆಣದ ಮುಂದ ಹಿಡಿಯೂ ಗಡಿಗಿ ಅಷ್ಟ ಹಂಗ ತರೂದು."

"ಮೊದಲ ಹೇಳಬಾರದಾಗಿತ್ತೇನ?"

"ನಾ ತಿಳಕೊಂಡಿದ್ದೆ, ನೀವು ಅದನ್ನ ಮಾರಾಕ ಬಂದೀರಿ ಅಂತ," ಎಂದಳು ಆಕೆ, ಮೆಣಸಿನಕಾಯಿಗೆ ನೀರು ಚಿಮುಕಿಸುತ್ತ. "ಅದೂ ಒಂದ ಧಂದೆ ಬಿಡ್ರಿ. ಆದ್ರ ನಮ್ಮಂಗ ಹೆಣಾ ಸುಡದ ಮಣ್ಣಾಗ ಇಡೂ ಮಂದಿನ ಇಲ್ಲಿ ಭಾಳ. ನಮಗ ಅದಕ್ಕೂ ಬೇಕಾಗೂದಿಲ್ಲ. ಅದಕ್ಕ ನಿಮ್ಮ ಯಾಪಾರ ಸಾವಕಾಶ ಐತಿ ಅಂದ್ಕೊಂಡಿದ್ದೆ."

ಹೀಗೆ ನನ್ನ ಮಾರುಕಟ್ಟೆಯ ವ್ಯಾಪ್ತಿ ನನಗೆ ಮೊದಲ ಬಾರಿಗೆ ಸ್ಪಷ್ಟವಾಯಿತು.

ಮಹಾಲಿಂಗಪುರದ ಮೇಲೆ ಹೋಗುವ ಬಸ್ಸಿನಲ್ಲಿ, ಬುಟ್ಟಿಯನ್ನು ಕಾಲುಗಳ ನಡುವೆ ಇಟ್ಟುಕೊಂಡು ಕೂತೆ. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ದಾರಿ ಬಿಡದೆ ಸಾಗುತ್ತಿದ್ದವು. ಈ ಪದ್ಧತಿ ನನಗೆ ಗೊತ್ತಿರಲಿಲ್ಲವೆಂದರೆ ಸುಳ್ಳಾದೀತು. ತಾಯಿ ಹೋದ ದಿನ ಗಡಿಗೆ ತಂದವನು ನಾನೇ. ಮನೆಯಲ್ಲಿ ಬೇರೆ ಗಂಡಸರಿರಲಿಲ್ಲ. ಜಮಖಂಡಿಯ ಕುಂಬಾರ ಓಣಿಗೆ ಬರಿಗಾಲಲ್ಲಿ ಹೋಗಿದ್ದೆ. ಕೇಳಿದಷ್ಟು ಕೊಟ್ಟಿದ್ದೆ. ಬಡಿದು ನೋಡಿರಲಿಲ್ಲ. ಕೊಟ್ಟವನು ಏನೂ ಅನ್ನದೆ ಮುಖ ಆಚೆ ತಿರುಗಿಸಿಕೊಂಡಿದ್ದ. ಅಷ್ಟೊಂದು ಚೌಕಾಶಿ ಮಾಡುತ್ತಿದ್ದ ಹೆಂಗಸಿಗಾಗಿ ಒಂದು ಮಾತೂ ಆಡದೆ ಗಡಿಗೆ ತಂದಿದ್ದೆ. ಬದುಕಿದ್ದರೆ ಬೈಯುತ್ತಿದ್ದಳು. ಇಷ್ಟೆಲ್ಲ ಮಾಡಿದವನು, ಅದೇ ಪದ್ಧತಿಯನ್ನು ನೆರಳು ಕೊಟ್ಟ ಅಕ್ಷರಗಳಲ್ಲಿ ಬರೆದು ಸಂತೆಗೆ ಹೊತ್ತು ತಂದಿದ್ದೆ. ಸಭ್ಯತೆ ಎಂದು ತಿಳಿದಿದ್ದೆ. ಬೀಳಗಿಯಲ್ಲಿ ಆ ಹೆಂಗಸರು ಮುಂಜಾನೆಯಿಂದ ಮಧ್ಯಾಹ್ನದವರೆಗೆ ನನ್ನೊಡನೆ ಮಾತಾಡಿದ್ದರು. ವರ್ಷಗಳಲ್ಲಿ ಯಾರೂ ನನ್ನೊಡನೆ ಅಷ್ಟು ಮಾತಾಡಿರಲಿಲ್ಲ. ಅದನ್ನು ನಿಲ್ಲಿಸಲೆಂದೇ ನಾನು ಹಲಗೆ ಬರೆದದ್ದು.

ಆ ಹಲಗೆ ಮುಂದಿನ ಆವಿಗೆಗೆ ಹೋಯಿತು. ಚೆನ್ನಾಗಿ ಉರಿಯಿತು.

ಮತ್ತೆ ಮುಧೋಳದ ಸಂತೆಗೆ ಹೋದಾಗ ಬರಿಯ ಗಡಿಗೆಗಳೊಂದಿಗೆ ಕೂತೆ. ಬಹಳ ಹೊತ್ತು ಯಾರೂ ಬರಲಿಲ್ಲ. ಹಳೆಯ ಫಲಕದ ನೆನಪು ಊರಿಗಿನ್ನೂ ಇತ್ತು. ಕಡೆಗೆ ಮುದುಕಿಯೇ ತನ್ನ ಮೆಣಸಿನಕಾಯಿಯ ಗಿರಾಕಿಯೊಬ್ಬಳನ್ನು ನನ್ನತ್ತ ಸಾಗಹಾಕಿದಳು. ಆ ಹೆಣ್ಣುಮಗಳು ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಬಡಿಯತೊಡಗಿದಳು.

"ಇದ ಯಾಕ್ರಿ, ಸೊಟ್ಟ ಐತಿ?"

"ಕೈಲೆ ಮಾಡಿದ್ದು ತಂಗಿ."

"ಕಾಲಿಲೆ ಮಾಡಿದಂಗ ಐತಿ. ಇದರಾಗ ನೀರ ತಣ್ಣಗ ಇರ್ತಾವೇನ?"

"ಇರ್ತಾವ. ನಾನೂ ಇದರಾಗಿನ ನೀರ ಕುಡಿಯೂದು."

"ಮನ್ಯಾಗ ಎಷ್ಟ ಮಂದಿ ಅದೀರಿ?"

ಈ ಪ್ರಶ್ನೆಯನ್ನು ಯಾರಾದರೂ ಕೇಳಿ ಬಹಳ ದಿನವಾಗಿತ್ತು.

"ಒಬ್ಬನ."

"ಒಬ್ಬರಿಗೆ ಇಷ್ಟ ಗಡಿಗಿ ಯಾಕ ಬೇಕ್ರಿ ಕಾಕಾ? ದರ ಇಳಸ್ರಿ."

ಸ್ವಲ್ಪ ಇಳಿಸಿದೆ. ಎದ್ದು ಹೋದಳು. ತಿರುಗಿ ಬಂದಳು. ಇನ್ನಷ್ಟು ಇಳಿಸಿದೆ. ಆಕೆ ಎರಡು ಗಡಿಗೆ ಒಯ್ದಳು. ಸಂಜೆಯೊಳಗೆ ಬೇರೆಯವರು ಮೂರು ಒಯ್ದರು. ಉಳಿದವನ್ನು ಹುಲ್ಲಿನಲ್ಲಿ ಸುತ್ತಿ, ಬಸ್ಸಿಗೆ ಹಾಕಿ, ಬನಹಟ್ಟಿಗೆ ತಂದು ಪಡಸಾಲೆಯಲ್ಲಿಟ್ಟೆ.